ಯಂಕಮ್ಮ ಬರೆಸಿದ ಶರತ್ತುಗಳು

ಯಂಕಮ್ಮ ಹೊಸ ಜಾಗದ ನೀರನ್ನು ಕುಡಿದು ನೋಡುತ್ತಿರಲಿಲ್ಲ, ಬೇಯಿಸಿ ನೋಡುತ್ತಿದ್ದಳು. ಕುರಿಹಟ್ಟಿ ಯಾವ ಹೊಲದಲ್ಲಿ ಇಳಿದರೂ ಮೊದಲು ಮೂರು ಕಲ್ಲು ಹೂಡಿ, ಚಿಕ್ಕ ಗಡಿಗೆಗೆ ಅಲ್ಲಿಯ ನೀರು ಹಾಕಿ, ಒಂದು ಹಿಡಿ ತೊಗರಿ ಬೇಳೆ ಬಿಡುವುದು ಅವಳ ರೂಢಿ. ಗಂಡ ಹನುಮಂತ್ರಾಯ ಸುತ್ತ ಬಲೆ ಕಟ್ಟಿ ಇನ್ನೂರು ಕುರಿಗಳನ್ನು ಒಳಗೆ ಕೂಡುವಷ್ಟರಲ್ಲಿ ಬೇಳೆ ಕರಗಿತೆಂದರೆ ನೀರು ಚಲೋ. ಕಾಳುಕಾಳಾಗಿ ಉಳಿಯಿತೆಂದರೆ ಸವಳು, ಉಪ್ಪು ನೀರು.

"ನಾಲಿಗಿ ಸುಳ್ಳು ಹೇಳ್ತದ ಬೇ ನೇತ್ರಾ," ಎಂದು ಸೊಸೆಗೆ ಹೇಳುವಳು. "ಐವತ್ತು ವರ್ಷ ಸೌಳು ನೀರು ಕುಡದ ನಾಲಿಗಿಗಿ ಎಲ್ಲಾ ನೀರೂ ಒಂದ. ಬೇಳಿಗಿ ಸುಳ್ಳು ಹೇಳಾಕ ಬರಂಗಿಲ್ಲ."

ಹಾಗೆನ್ನುವಾಗ ಅವಳ ಹಲ್ಲಿನ ಮೇಲಿನ ಕಂದು ಗೆರೆಗಳು ಕಾಣುತ್ತಿದ್ದವು. ಅವೂ ನೀರು ಕೊಟ್ಟವೇ.

ಸೊಸೆ ನೇತ್ರಾವತಿ ಯಾಪಲದಿನ್ನಿಯ ಒಕ್ಕಲುತನದ ಮನೆಯವಳು, ಪಿಯುಸಿ ಓದಿದವಳು. ಮದುವೆಯಾದ ಹೊಸತರಲ್ಲಿ ಈ ಬೇಳೆ ಪರೀಕ್ಷೆ ನೋಡಿ ಮುಖ ತಿರುಗಿಸಿ ನಕ್ಕಿದ್ದಳು. ಹೈಸ್ಕೂಲಿನಿಂದಲೂ ಅವಳಿಗೆ ದಿನಚರಿ ಬರೆಯುವ ಚಟ. ಇನ್ನೂರು ಪುಟದ ನೋಟುಬುಕ್ಕೊಂದು ಅವಳ ಸೀರೆಗಳ ಗಂಟಿನಲ್ಲಿ ಯಾವಾಗಲೂ ಇರುತ್ತಿತ್ತು. ಅದರಲ್ಲಿ ಒಂದು ದಿನ "ಅತ್ತೆಯ ಲ್ಯಾಬೋರೇಟರಿ" ಎಂದು ಬರೆದು ಕೆಳಗೆ ಮೂರು ಕಲ್ಲಿನ ಚಿತ್ರ ಬಿಡಿಸಿದ್ದೂ ಉಂಟು.

ಅವರ ಮನೆ ಇದ್ದದ್ದು ದೇವದುರ್ಗದ ಕಡೆಯ ಹಳ್ಳಿಯಲ್ಲಿ. ಆದರೆ ಸಂಕ್ರಾಂತಿ ಮುಗಿದರೆ ಬಾಗಿಲಿಗೆ ಬೀಗ ಬೀಳುತ್ತಿತ್ತು. ಮಾನ್ವಿ, ಸಿರವಾರದ ಕಡೆ ಭತ್ತ ಕೊಯ್ದ ಹೊಲಗಳಲ್ಲಿ ಮೂರು ರಾತ್ರಿ ಇಲ್ಲಿ, ನಾಲ್ಕು ರಾತ್ರಿ ಅಲ್ಲಿ ಕುರಿ ನಿಲ್ಲಿಸಿ ಗೊಬ್ಬರ ಕೊಡುವುದು, ಹೊಲದವರಿಂದ ಕಾಳು ಪಡೆಯುವುದು, ಮುಂಗಾರಿಗೆ ಮರಳುವುದು. ಯಂಕಮ್ಮ ಹನ್ನೆರಡನೆಯ ವಯಸ್ಸಿನಿಂದ ನಡೆದ ದಾರಿ ಅದು. ಮಗ ಪ್ರಭುರಾಜನನ್ನು ಹೆತ್ತದ್ದೂ ಸಿರವಾರದ ಹತ್ತಿರದ ಒಂದು ಬೇವಿನ ಮರದ ಕೆಳಗೆ. ಮೂರನೆಯ ದಿನ ಕೂಸನ್ನು ಜೋಳಿಗೆಯಲ್ಲಿ ಹಾಕಿಕೊಂಡು ಕುರಿಗಳ ಹಿಂದೆ ಹೊರಟಿದ್ದಳಂತೆ. ಈಗಲೂ ಆ ಮರ ಬಂದರೆ, "ಇದ ನೋಡು, ನಿನ್ನ ಗಂಡನ ದವಾಖಾನಿ," ಎಂದು ಸೊಸೆಗೆ ತೋರಿಸುವಳು.

ಈ ವರ್ಷ ನೇತ್ರಾವತಿಯ ಕಂಕುಳಲ್ಲೂ ಕೂಸಿತ್ತು. ಏಳು ತಿಂಗಳ ಮೌನೇಶ್ವರಿ. ತಿಂಥಣಿಯ ದೇವರ ಹೆಸರು. "ಹೆಸರಿಡೂ ಮುಂಚೆ ಎರಡು ದಿನ ಕೇಳಿ ನೋಡಬೇಕಿತ್ತು," ಎಂದು ಹನುಮಂತ್ರಾಯ ನಗುವನು. ಅವಳು ಅತ್ತರೆ ಎರಡು ಹೊಲದಾಚೆಯ ನಾಯಿಗಳು ಎದ್ದು ನಿಲ್ಲುತ್ತಿದ್ದವು.

ಸಿರವಾರದಾಚೆ ಖಾಜಾಮಿಯಾನ ಹೊಲದಲ್ಲಿ ಹಟ್ಟಿ ಇದ್ದಾಗ ಆ ಕೂಸಿಗೆ ಭೇದಿ ಹಿಡಿಯಿತು. ಅದು ಕಾಲುವೆಯ ಕೊನೆ ಭಾಗ, ನೀರು ಬಂದರೆ ಬಂತು, ಇಲ್ಲದಿದ್ದರೆ ಬೋರಿನ ಸವಳು ನೀರೇ ಗತಿ. ಮೂರನೆಯ ದಿನ ಕೂಸಿನ ಕಣ್ಣು ಒಳಸೇರಿದಾಗ ಪ್ರಭುರಾಜ ತಾಯಿ-ಮಗಳನ್ನು ಬೈಕಿನಲ್ಲಿ ಕೂರಿಸಿಕೊಂಡು ಮಾನ್ವಿಯ ಆಸ್ಪತ್ರೆಗೆ ಓಡಿದ. ಎರಡು ದಿನಕ್ಕೆ ಕೂಸು ಚೇತರಿಸಿಕೊಂಡಿತು. ಬಿಡುವಾಗ ಡಾಕ್ಟರು ಖಡಕ್ಕಾಗಿ ಹೇಳಿದರು:

"ಈ ಕೂಸಿಗಿ ಬೋರಿನ ನೀರು ಬಂದ್. ಅನ್ನ, ಬೇಳಿ, ಏನ ಬೇಯಿಸಿದ್ರೂ ಚಲೋ ನೀರಾಗ ಬೇಯಿಸ್ರಿ. ಹೊಲದಾಗ ಆಗಂಗಿಲ್ಲ ಅಂದ್ರ ತಾಯಿ-ಕೂಸು ಊರಿಗಿ ಹೋಗ್ರಿ. ಇನ್ನೊಮ್ಮಿ ಹಿಂಗಾದ್ರ ನಾ ಜವಾಬ್ದಾರಿ ಅಲ್ಲ."

ಊರಿಗೆ ಎಂದರೆ ಯಾಪಲದಿನ್ನಿಯ ಅಣ್ಣನ ಮನೆಗೆ, ಮುಂಗಾರಿನ ತನಕ. ಅಣ್ಣ-ಅತ್ತಿಗೆ ಬೇಡವೆನ್ನುವವರಲ್ಲ. ಆದರೆ ಬಸುರಿ, ಬಾಣಂತನ ಎಂದು ನೇತ್ರಾವತಿ ಅಲ್ಲಿ ಕಳೆದದ್ದೇ ಏಳೆಂಟು ತಿಂಗಳು. ಕೂಸು ಹುಟ್ಟಿದ ಮೇಲೆ ತಾಯಿ, ತಂದೆ, ಮಗಳು ಮೂವರೂ ಒಂದೇ ಕಂಬಳಿಯ ಮೇಲೆ ಮಲಗಿದ್ದು ಬರೀ ಇಪ್ಪತ್ತು ದಿನ. ಪ್ರಭುರಾಜ ದೂರದಿಂದ ಕುರಿಗಳಿಗೆ ಸಿಳ್ಳೆ ಹಾಕಿದರೆ ಮೌನೇಶ್ವರಿ ಈಗೀಗ ತಲೆ ತಿರುಗಿಸಲು ಕಲಿತಿದ್ದಳು. ನಾಲ್ಕು ತಿಂಗಳು ಬಿಟ್ಟರೆ ಅದನ್ನು ಮರೆಯುತ್ತಾಳೆ. ಆಸ್ಪತ್ರೆಯ ಪಡಸಾಲೆಯ ಬೆಂಚಿನ ಮೇಲೆ ಕೂತು ನೇತ್ರಾವತಿ ಅದನ್ನೇ ನೋಟುಬುಕ್ಕಿನಲ್ಲಿ ಬರೆಯುತ್ತಿದ್ದಾಗ ಪಕ್ಕದಲ್ಲಿ ಒಬ್ಬ ಹೆಣ್ಣುಮಗಳು ಬಂದು ಕೂತಳು.

ಅವಳ ಹೆಸರು ಶೈಲಜಾ. ರಾಯಚೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವವಳು. ಅವಳೂ ಅವಳ ವಿದ್ಯಾರ್ಥಿಗಳೂ ಸೇರಿ, ಹೆಗಲಿಗೆ ಹಾಕಿಕೊಂಡು ಹೋಗಬಹುದಾದ, ಸವಳು ನೀರನ್ನು ಸಿಹಿ ಮಾಡುವ ಸಣ್ಣ ಯಂತ್ರವನ್ನು ಮಾಡಿದ್ದರಂತೆ. ನಾಲ್ಕು ಆಗಿವೆ, ಐದನೆಯದನ್ನು ಮಾಡುವ ಮೊದಲು ಅದು ಹೇಗಿರಬೇಕೆಂದು ಬಳಸುವವರನ್ನೇ ಕೇಳಬೇಕೆಂದು ಆಸ್ಪತ್ರೆಗೆ ಬಂದ ತಾಯಂದಿರನ್ನು ಮಾತಾಡಿಸುತ್ತಿದ್ದಳು. ನೇತ್ರಾವತಿಯ ಕಥೆ ಕೇಳಿದವಳು, "ನಿಮ್ಮ ಹಟ್ಟಿ ಎಲ್ಲಿ ಅದ?" ಎಂದಳು.

ಮರುದಿನವೇ ಬಂದಳು. ಸಿರವಾರದ ತನಕ ಬಸ್ಸು, ಅಲ್ಲಿಂದ ಖಾಜಾಮಿಯಾನ ಮೋಟರ್ ಸೈಕಲ್ಲು. ಚೀಲದಿಂದ ತೆಗೆದದ್ದು ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪಿನಂಥ ಒಂದು ವಸ್ತು, ಅದಕ್ಕಿಂತ ದಪ್ಪ. ಒಂದು ಹಿಡಿಕೆ. ಒಂದು ಪೈಪು ಬಕೆಟ್ಟಿಗೆ, ಇನ್ನೆರಡು ಹೊರಗೆ: ಒಂದರಲ್ಲಿ ಸಿಹಿ ನೀರು, ಇನ್ನೊಂದರಲ್ಲಿ ಇನ್ನಷ್ಟು ಉಪ್ಪಾದ ನೀರು. ಮೇಲೊಂದು ಸೆಲ್ಲಿನ ಹಸಿರು ದೀಪ.

"ಇದು ಅರಿಬಿ-ಬಟ್ಟಿಲೆ ಸೋಸಿದಂಗಲ್ರೀ ಅಮ್ಮಾರ," ಎಂದು ಶೈಲಜಾ ಯಂಕಮ್ಮನಿಗೆ ತಿಳಿಸಿದಳು. "ಅರಿಬಿ ಕಸಾ ಹಿಡೀತದ. ಉಪ್ಪು ನೀರಾಗ ಕರಗಿರ್ತದ, ಅದು ಅರಿಬಿಗಿ ಸಿಗಂಗಿಲ್ಲ. ಒಳಗ ಹಾಳಿ ಸುತ್ತಿದಂಗ ಒಂದು ಸುರುಳಿ ಅದ. ಜೋರಿನಿಂದ ಒತ್ತಿದ್ರ ನೀರಷ್ಟ ಪಾರಾಗ್ತದ."

"ಕುದಿಸಿದ್ರ?" ಎಂದಳು ಯಂಕಮ್ಮ.

"ಕುದಿಸಿದ್ರ ಹುಳಾ ಸಾಯ್ತಾವ. ಆದ್ರ ಉಪ್ಪು ಎಲ್ಲಿ ಹೋಗ್ತದ್ರೀ? ನೀರು ಆರ್ತದ, ಉಪ್ಪು ಹಂಗ ಉಳೀತದ. ಕುದಿಸಿದಷ್ಟೂ ಗಟ್ಟಿ ಆಗ್ತದ."

ಬೇಳೆ ತಿರುವುತ್ತಿದ್ದ ಯಂಕಮ್ಮನ ಕೈ ನಿಂತಿತು. ಆಮೇಲೆ ಮತ್ತೆ ತಿರುವಿದಳು. ನೇತ್ರಾವತಿ ಅದನ್ನು ನೋಡಿದಳು, ಅರ್ಥವಾಗಲಿಲ್ಲ.

ಶೈಲಜಾ ಅಚ್ಚು ಹಾಕಿದ ಹಾಳೆ ತೆಗೆದಳು. ಹನ್ನೊಂದು ಪ್ರಶ್ನೆ. ಯಂತ್ರದ ತೂಕ ಎಷ್ಟಿರಬೇಕು?

"ಕೂಸಿನಕಿಂತ ಹಗುರ ಇರಬೇಕು," ಎಂದಳು ಯಂಕಮ್ಮ. "ಕೂಸಿಗಿ ನಾಳಿಗಿ ಕಾಲು ಬರ್ತಾವ, ತಾನ ನಡೀತದ. ಇದು ನಡೀತದೇನು?"

ಒಂದು ಲೀಟರಿಗೆ ಎಷ್ಟು ಹೊತ್ತು ಆಗಬಹುದು?

"ಇಕಿ ಬಾಯಿ ತಗದು ಊರು ಎಬ್ಬಸೂದ್ರೊಳಗ ಆಗಬೇಕು."

ಕರೆಂಟಿನಿಂದ ನಡೆಯುವುದಾದರೆ? ಇದಕ್ಕೆ ಪ್ರಭುರಾಜ ಬಾಯಿ ಹಾಕಿದ. "ನಮ್ಮ ಶಕ್ತಿನಗರದಾಗ ತಯಾರಾಗೂ ಕರೆಂಟು ದೇಶಾ ಎಲ್ಲಾ ತಿರಗಾಡ್ತದ್ರೀ ಮೇಡಂ, ಕುರಿಹಟ್ಟಿಗಿ ಅಷ್ಟ ಬರಂಗಿಲ್ಲ."

ಹಿಡಿಕೆ ಒತ್ತಲು ಎರಡೂ ಕೈ ಬೇಕಾಗುತ್ತಿತ್ತು. ಯಂಕಮ್ಮ ಅದನ್ನು ಒಮ್ಮೆ ನೋಡಿ, ಸೊಸೆಯನ್ನು ಒಮ್ಮೆ ನೋಡಿ, "ನೀವು ಇನ್ನಾ ಮಕ್ಕಳನ್ನ ಹಡದಿಲ್ಲೇನ್ರೀ?" ಎಂದು ಕೇಳಿದಳು. ಶೈಲಜಾ ಇಲ್ಲವೆಂದು ನಕ್ಕಳು. "ಅದಕ್ಕ! ತಾಯಿಗಿ ಒಂದ ಕೈ ಇರ್ತದವ್ವಾ. ಇನ್ನೊಂದು ಕೈ ಕೂಸಿಂದು." ಹಿಡಿಕೆಯನ್ನು ನೆಲಕ್ಕೆ ತಿರುಗಿಸಿ ಪಾದದಿಂದ ತುಳಿದು ತೋರಿಸಿದಳು. ನೀರು ಬಂತು. ಶೈಲಜಾ ಹಾಳೆಯ ಅಂಚಿನಲ್ಲಿ ಬರೆದುಕೊಂಡಳು: ಕಾಲಿನಿಂದ ತುಳಿಯುವಂತಿರಬೇಕು.

ಯಂತ್ರವನ್ನು ಎರಡು ತಿಂಗಳು ಅವರಲ್ಲೇ ಬಿಡುವುದೆಂದಾಯಿತು. ನೇತ್ರಾವತಿ ದಿನಾ ಬರೆದಿಡಬೇಕು: ಎಷ್ಟು ನೀರು, ಕೂಸು ಹೇಗಿದೆ, ಏನು ತೊಂದರೆ. ಶೈಲಜಾಳ ಕಡೆಯಿಂದ ಒಂದೇ ಶರತ್ತು, ಯಾವ ಕಾರಣಕ್ಕೂ ಬಿಚ್ಚಬಾರದು. ನೇತ್ರಾವತಿ ಸಹಿ ಹಾಕಿದಳು. ಪ್ರಭುರಾಜನ ಕಡೆಯಿಂದಲೂ ಒಂದು ಮಾತು ಆಯಿತು, ಹೆಂಡತಿಯ ಕಡೆ ನೋಡದೆ ಹೇಳಿದ. "ಇದು ಕೆಟ್ಟ ದಿನಾ ನಿನ್ನ ಯಾಪಲದಿನ್ನಿಗಿ ಬಿಟ್ಟು ಬರ್ತೀನಿ. ಕೂಸಿನ ಜೀವದ ಮ್ಯಾಲ ಹಟಾ ಮಾಡೂದು ಬ್ಯಾಡ."

ಖಾಜಾಮಿಯಾನದೇ ಹೊಲಗಳಲ್ಲಿ ಹಟ್ಟಿ ಒಂದರಿಂದ ಇನ್ನೊಂದಕ್ಕೆ ಸರಿಯುತ್ತಾ ಮೂರು ವಾರ ಚೆನ್ನಾಗಿ ನಡೆಯಿತು. ಒಂದು ಮರಿ ಸಿಹಿ ನೀರಿನ ಪೈಪನ್ನು ತಾಯಿಯ ಮೊಲೆಯೆಂದೇ ತಿಳಿದು ಚೀಪಿ ಚೀಪಿ ತುದಿ ಕಡಿದುಹಾಕಿದ್ದು ಬಿಟ್ಟರೆ ಬೇರೆ ತೊಂದರೆ ಬರಲಿಲ್ಲ. ನೇತ್ರಾವತಿ ಅದನ್ನೂ ಬರೆದಳು: "ಪೈಪು ಮರಿಗಳಿಗೆ ಆಸೆ ಹುಟ್ಟಿಸುವಂತಿರಬಾರದು." ಮನೆಯವರ ಬೇಳೆ ಬೋರಿನ ನೀರಿನಲ್ಲಿ ಸೋಡಾ ಹಾಕಿದರಷ್ಟೇ ಬೇಯುತ್ತಿತ್ತು. ಕೂಸಿನ ಒಂದು ಹಿಡಿ ಬೇಳೆ ಮಾತ್ರ ಯಂತ್ರದ ನೀರಿನಲ್ಲಿ, ಸೋಡಾ ಇಲ್ಲದೆ, ಬೆಣ್ಣೆಯಂತೆ ಕರಗುತ್ತಿತ್ತು. ಅದನ್ನು ಅನ್ನದ ಜೊತೆ ಕಿವುಚಿ ಯಂಕಮ್ಮ ಬೆರಳ ತುದಿಯಿಂದ ಉಣಿಸುವಾಗ ಮೌನೇಶ್ವರಿ ಅಜ್ಜಿಯ ಬೆರಳನ್ನೂ ಸೇರಿಸಿ ಚೀಪುತ್ತಿದ್ದಳು.

ಶಿವರಾತ್ರಿಯ ಅಮಾವಾಸ್ಯೆ ಬಂತು. ಆ ದಿನ ಇವರು ಹಟ್ಟಿ ಕದಲಿಸುವುದಿಲ್ಲ. ಮನೆಯೆಂದರೆ ಬಿಡಾರವೇ ಆದ್ದರಿಂದ ಅಲ್ಲಿದ್ದ ಭಾಂಡೆ, ಹಾಲಿನ ಚೊಂಬು, ಉಣ್ಣೆ ಕತ್ತರಿ, ಕುಡುಗೋಲು ಎಲ್ಲವನ್ನೂ ಬೂದಿ ಹುಣಸೆಹಣ್ಣು ಹಾಕಿ ತಿಕ್ಕಿ, ಸಾಲಾಗಿಟ್ಟು ಪೂಜೆ ಮಾಡುವುದು ಯಂಕಮ್ಮನ ಪದ್ಧತಿ. ಅಂದು ನೇತ್ರಾವತಿ ಕೂಸಿಗೆ ಲಸಿಕೆ ಹಾಕಿಸಲು ಗಂಡನ ಜೊತೆ ಮಾನ್ವಿಗೆ ಹೋಗಿದ್ದಳು. ಕೂಸಿನ ತೂಕ ನಾನೂರು ಗ್ರಾಂ ಏರಿತ್ತು. ಆ ಸುದ್ದಿ ಹೇಳುತ್ತಲೇ ಬಂದವಳಿಗೆ ಸಾಲಾಗಿ ಥಳಥಳಿಸುವ ಭಾಂಡೆಗಳ ನಡುವೆ ಯಂತ್ರವೂ ವಿಭೂತಿ ಕುಂಕುಮ ಹಚ್ಚಿಕೊಂಡು ಕೂತದ್ದು ಕಂಡಿತು. ಅವಳಿಗೆ ನಗುವೂ ಬಂತು, ಒಳಗೆಲ್ಲೋ ಬೆಚ್ಚಗೂ ಆಯಿತು. ಹಸಿರು ದೀಪ ಉರಿಯುತ್ತಲೇ ಇತ್ತು.

ಮರುದಿನ ಬೆಳಿಗ್ಗೆ ಕೂಸಿನ ಬೇಳೆ ಬೇಯಲಿಲ್ಲ.

ಯಂಕಮ್ಮ ಒಂದು ಕಟ್ಟಿಗೆ ಮುಂದೆ ನೂಕಿದಳು. ಇನ್ನೊಂದು. ಸೌಟಿನಿಂದ ಒಂದು ಕಾಳು ತೆಗೆದು ಬೆರಳಲ್ಲಿ ಹಿಸುಕಿದಳು. ಅದು ಜಾರಿ ಬೂದಿಗೆ ಬಿತ್ತು.

"ಇವತ್ತು ಕೂಸಿಗಿ ಬರೇ ನಿನ್ನ ಹಾಲು ಕುಡಸು," ಎಂದಳು.

"ಯಾಕತ್ತಿ? ಇನ್ನೊಂದೀಟು ಬೆಂದ್ರ ಆತು."

"ಬೇಯಂಗಿಲ್ಲ. ನೀರು ಸೌಳು ಅದ."

"ದೀಪಾ ಹಸರ ಅದ ನೋಡ್ರಿ. ಕೆಟ್ಟಿದ್ರ ಕೆಂಪು ಹತ್ತತದ ಅಂತ ಮೇಡಮ್ಮಾರು ಹೇಳ್ಯಾರ. ಬೇಳಿ ಹಳೇದಿರಬೇಕು." ನೇತ್ರಾವತಿ ಒಂದು ಗುಟುಕು ಕುಡಿದು ನೋಡಿದಳು. ಅವಳಿಗೆ ಅಂಥ ವ್ಯತ್ಯಾಸ ತಿಳಿಯಲಿಲ್ಲ. ತಿಳಿಯುವುದು ಬೇಡವಾಗಿತ್ತೋ ಏನೋ. ಯಂತ್ರ ಕೆಟ್ಟಿದೆಯೆಂದರೆ ಯಾಪಲದಿನ್ನಿಯ ದಾರಿ.

ಯಂಕಮ್ಮ ವಾದ ಮಾಡಲಿಲ್ಲ. ಖಾಜಾಮಿಯಾನಿಗೆ ಮಗನ ಫೋನಿನಿಂದ ಕರೆ ಮಾಡಿಸಿ, ದಿನಾ ತರಲಾಗದಷ್ಟು ದೂರದ ಸಿರವಾರದ ಶುದ್ಧ ನೀರಿನ ಘಟಕದಿಂದ ಒಂದು ಕ್ಯಾನು ತರಲು ಹೇಳಿದಳು. ಅವನು ಬರುವಷ್ಟರಲ್ಲಿ ಒಂಬತ್ತು ಕಲ್ಲು ಆಯ್ದು ಮೂರು ಒಲೆ ಹೂಡಿದ್ದಳು. ಮೂರು ಗಡಿಗೆ, ಒಂದೇ ಚೀಲದ ಬೇಳೆ, ಒಂದೊಂದು ಹಿಡಿ. ಒಂದರಲ್ಲಿ ಬೋರಿನ ನೀರು, ಒಂದರಲ್ಲಿ ಯಂತ್ರದ್ದು, ಒಂದರಲ್ಲಿ ಕ್ಯಾನಿನದು.

"ಅರೆ ಯಂಕಮ್ಮಕ್ಕಾ, ದಾವತ್ ಅದಾ ಏನು?" ಎಂದ ಖಾಜಾಮಿಯಾ.

"ಹೌದಪ್ಪಾ. ಸುಮ್ಮ ಕುಂದ್ರು, ಊಟಾ ಯಾವ ಗಡಿಗ್ಯಾಗಿಂದು ಅಂತ ಆಮ್ಯಾಲ ಹೇಳ್ತೀನಿ."

ಎಲ್ಲರೂ ಕೂತರು. ಕ್ಯಾನಿನ ನೀರಿನ ಬೇಳೆ ಮೊದಲು ಉಬ್ಬಿ, ಬಿರಿದು, ಕರಗಿತು. ಬೋರಿನದು ಕಾಳಾಗಿಯೇ ಕುಣಿಯುತ್ತಿತ್ತು. ಯಂತ್ರದ್ದೂ ಹಾಗೆಯೇ ಕುಣಿಯುತ್ತಿತ್ತು. ಪಕ್ಕದಲ್ಲಿ ಹಸಿರು ದೀಪ.

ನೇತ್ರಾವತಿ ಕೂಸನ್ನು ಎದೆಗೆ ಒತ್ತಿಕೊಂಡಳು. ಅತ್ತೆಯ ಮಾತು ಕೇಳದೆ ಹೋಗಿದ್ದರೆ ಈ ಹೊತ್ತಿಗೆ ಆ ನೀರಿನ ಅನ್ನ ಕೂಸಿನ ಹೊಟ್ಟೆಯಲ್ಲಿರುತ್ತಿತ್ತು, ನಾಳೆಯೂ, ನಾಡಿದ್ದೂ. ದೀಪ ನೋಡಿ ಉಣಿಸುತ್ತಲೇ ಇರುತ್ತಿದ್ದಳು.

"ನಾನ ಬಿಚ್ಚಿದ್ದು," ಎಂದಳು ಯಂಕಮ್ಮ.

ಎಲ್ಲರೂ ಗಡಿಗೆಗಳಿಂದ ತಲೆ ಎತ್ತಿ ಅವಳತ್ತ ನೋಡಿದರು.

"ಅಮಾಸಿಗಿ. ಹೊರಗ ತಿಕ್ಕಿದೆ. ಒಳಗ ಹೊಲಸು ಇದ್ರ ಏನ ಬಂತು ಅಂತ ಎಂಟಾಣಿ ಬಿಲ್ಲಿ ಹಾಕಿ ತಿರವಿದೆ, ಬಿಚ್ಚಿಕೊಂತು. ಆ ಸುರುಳಿ ಮ್ಯಾಲ ಕಂದು ರಾಡಿ ಕುಂತಿತ್ತು. ಬೂದಿ ಹುಣಸಿಹಣ್ಣು ಹಾಕಿ ತಿಕ್ಕಿ ತೊಳದು ಹಂಗ ಜೋಡಿಸಿಟ್ಟೆ. ಕೂಸಿನ ಬಾಯಿಗಿ ಹೋಗೂ ನೀರಲಾ, ಅಮಾಸಿ ದಿನಾ ತಿಕ್ಕದ ಇಡೂದು ಹ್ಯಾಂಗ?"

ಪ್ರಭುರಾಜ ಎದ್ದು ನಿಂತ. ಸಿಟ್ಟೋ ದಿಗಿಲೋ ಅವನಿಗೇ ತಿಳಿಯದು. "ಯವ್ವಾ, ಸಹಿ ಹಾಕಿದಾಕಿ ಇಕಿ! ಮೇಡಮ್ಮಾರು ಕೇಳಿದ್ರ ಏನ ಹೇಳ್ತಾಳ?" ಆಮೇಲೆ ದನಿ ಇಳಿಸಿ, "ತಾನ ಕೆಟ್ಟಿತು ಅನ್ನೂಣು," ಎಂದ.

"ಬ್ಯಾಡ. ತಾನ ಕೆಟ್ಟಿತು ಅಂದ್ರ ಆ ಹುಡಿಗಿ ಕೆಡಲಾರದ ಜಾಗಾ ರಿಪೇರಿ ಮಾಡಕೋಂತ ಕುಂದರ್ತಾಳ. ಮುಂದ ಇನ್ನೊಬ್ಬಾಕಿ ಅಮಾಸಿಗಿ ತಿಕ್ಕತಾಳ, ಆಕಿಗಿ ಬೇಳಿ ನೋಡೂದು ತಿಳೀಲಿಲ್ಲಂದ್ರ?" ಯಂಕಮ್ಮ ಮಗನ ಕೈಯಿಂದ ಫೋನು ಇಸಿದುಕೊಂಡಳು. "ಹಚ್ಚಿ ಕೊಡು. ನಾನ ಹೇಳ್ತೀನಿ."

ಹೇಳಿದಳು. ರಾಯಚೂರು ದೂರವಿದೆಯೆಂದು ದೊಡ್ಡ ದನಿಯಲ್ಲಿ ಹೇಳಿದಳು, ಕುರಿಗಳು ಕಿವಿ ನಿಮಿರಿಸಿದವು. ಫೋನು ಮರಳಿ ಕೊಟ್ಟವಳು ಒಲೆಗಳ ಬೂದಿ ಕೆದಕುತ್ತಾ ಕೂತಳು. ನೇತ್ರಾವತಿ ಹತ್ತಿರ ಹೋದಾಗ, ಅವಳ ಕಡೆ ನೋಡದೆ ಹೇಳಿದಳು.

"ಪ್ರಭುನಕಿಂತ ಮುಂಚೆ ಒಂದು ಹೆಣ್ಣಿತ್ತು. ಇಷ್ಟ ಇತ್ತು, ಈ ಮೌನೇಶ್ವರಿಯಷ್ಟ. ಭೇದಿ ಹತ್ತಿತು. ನೀರು ಕುದಿಸಿ ಕುಡಸ್ರಿ ಅಂದ್ರು. ನಾನು ಕುದಿಸಿದೆ ಬೇ. ಎಷ್ಟು ಕುದಿಸಿದ್ರ ಅಷ್ಟು ಚಲೋ ಅಂತ ತಿಳಕೊಂಡು ಅರ್ಧ ಗಡಿಗಿ ಇಂಗೂತನ ಕುದಿಸಿದೆ. ಆ ಮೇಡಂ ಮೊನ್ನೆ ಹೇಳಿದಾಗ ನನಗ ತಿಳೀತು. ನಿನ್ನೆ ಮತ್ತ ಇದನ್ನೂ ಪ್ರೀತಿಲೆ ತಿಕ್ಕಿ ಕೆಡಿಸಿದೆ."

ನೇತ್ರಾವತಿ ಪಕ್ಕದಲ್ಲಿ ಕೂತಳು. ಕೂಸನ್ನು ಅತ್ತೆಯ ಮಡಿಲಿಗೆ ಹಾಕಿದಳು. "ನೀವು ಕೆಡಿಸಿದ್ದು ನೀವ ಹಿಡದ್ರಿ ಅತ್ತಿ. ನಾನು ದೀಪಾ ನೋಡಕೋಂತ ಕುಂತಿದ್ದೆ," ಎಂದಳು. ಮೌನೇಶ್ವರಿ ಅಜ್ಜಿಯ ಮೂಗುತಿಗೆ ಕೈ ಹಾಕಿದಳು.

ಮರುದಿನ ಶೈಲಜಾ ಬರುವಷ್ಟರಲ್ಲಿ ನೇತ್ರಾವತಿ ಬಟ್ಟೆಗಳನ್ನು ಮಡಿಚಿ ಗಂಟು ಕಟ್ಟಿಟ್ಟಿದ್ದಳು. ಹೋಗಬೇಕಾದರೆ ಬಿಸಿಲೇರುವ ಮುಂಚೆ ಹೋಗುವುದು ಕೂಸಿಗೆ ಒಳ್ಳೆಯದು, ಅಷ್ಟೇ. ಪ್ರಭುರಾಜ ಆ ಗಂಟನ್ನು ನೋಡಿ, ಕುರಿಗಳ ಕಡೆ ಹೋಗಿಬಿಟ್ಟ.

ಶೈಲಜಾ ಬಂದವಳೇ ಪೆನ್ನಿನಂಥ ಮೀಟರನ್ನು ಎರಡೂ ನೀರಿನಲ್ಲಿ ಅದ್ದಿದಳು. ಬೋರಿನದು ಎರಡು ಸಾವಿರದ ಮೇಲೆ. ಯಂತ್ರದ್ದು ಒಂದು ಸಾವಿರದ ನಾನೂರು. ಯಂತ್ರ ಬಿಚ್ಚಿದಳು. ಸಿಹಿ ನೀರನ್ನೂ ಸವಳು ನೀರನ್ನೂ ಬೇರೆ ಬೇರೆ ಇಡಲು ಸುರುಳಿಯ ಕೊರಳಿಗೊಂದು ತೆಳ್ಳನೆಯ ರಬ್ಬರ್ ಬಳೆ ಇತ್ತು. ಅದರ ಕೆಳಗೆ ಸಾಸಿವೆಯಷ್ಟು ಬೂದಿಯ ಹರಳು ಸಿಕ್ಕಿಕೊಂಡಿತ್ತು. ಆ ಸಂದಿಯಲ್ಲಿ ಸವಳು ನೀರು ನುಸುಳಿ ಸಿಹಿ ನೀರಿಗೆ ಸೇರುತ್ತಿತ್ತು. ಶೈಲಜಾ ಅದನ್ನು ಉಗುರಿನ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದಳು.

"ಬೈದು ಬಿಡ್ರಿ ಒಮ್ಮಿ," ಎಂದಳು ಯಂಕಮ್ಮ. "ಸುಮ್ಮ ಕುಂತ್ರ ನನಗ ಭಾಳ ಹೆದರಿಕಿ ಆಗ್ತದ."

"ಯಾರನ್ನ ಬೈಲಿ ಅಮ್ಮಾರ?" ಎಂದಳು ಶೈಲಜಾ. "ಈ ದೀಪಾ ನಾನ ಇಟ್ಟಿದ್ದು. ಇದಕ್ಕ ನೀರು ಹ್ಯಾಂಗದ ಅಂತ ಗೊತ್ತಿಲ್ಲ. ಎಷ್ಟು ಸಲ ತುಳಿದ್ರಿ ಅನ್ನೂದಷ್ಟ ಗೊತ್ತು. ಇಷ್ಟು ಸಾವಿರ ಸಲ ಆದ ಮ್ಯಾಲ ಸುರುಳಿ ಸವದಿರ್ತದ, ಆವಾಗ ಕೆಂಪು ಹತ್ತು ಅಂತ ಹೇಳಿಟ್ಟೀನಿ. ನಡುವ ಕೆಟ್ಟರ ಅದಕ್ಕ ಕಾಣಂಗಿಲ್ಲ. ಬಿಚ್ಚಬ್ಯಾಡ್ರಿ ಅಂತ ಹೇಳಿದೆ, ನೀವು ಅಮಾಸಿಗಿ ಏನ ಮಾಡ್ತೀರಿ ಅಂತ ಕೇಳಲಿಲ್ಲ. ಹನ್ನೊಂದು ಪ್ರಶ್ನಿ ಬರಕೊಂಡು ಬಂದೆ, ಅದೊಂದು ಕೇಳಲಿಲ್ಲ."

ನೇತ್ರಾವತಿ ಕಟ್ಟಿಟ್ಟ ಗಂಟಿನ ಕಡೆ ನೋಡಿದಳು. "ಮೇಡಂ, ಮಷಿನ್ ತಗೊಂಡು ಹೋಗ್ತೀರೇನ್ರೀ?"

"ಸುರುಳಿ ತಗೊಂಡು ಹೋಗ್ತೀನಿ, ಪರೀಕ್ಷೆ ಮಾಡಬೇಕು. ಬ್ಯಾರೆ ಸುರುಳಿ, ಹೊಸಾ ಬಳಿ ತಂದೀನಿ." ಹೊಸದನ್ನು ಕೂರಿಸಿ, ಪಾದದಿಂದ ನೂರೈವತ್ತು ಸಲ ತುಳಿದು, ಮೊದಲು ಬಂದ ನೀರನ್ನು ಚೆಲ್ಲಿ, ಮತ್ತೆ ಮೀಟರ್ ಅದ್ದಿದಳು. ನೂರಾ ಮೂವತ್ತು. ಮುಖ ಅರಳಿತು. "ಆತು ನೋಡ್ರಿ!"

"ನಿಮ್ಮ ಪೆನ್ನು ಚಲೋ ಇರಬೌದವ್ವಾ," ಎಂದಳು ಯಂಕಮ್ಮ. "ಆದ್ರೂ ಬೇಳಿ ಇಡೂಣು."

ಶೈಲಜಾಳ ಬಸ್ಸಿಗೆ ಹೊತ್ತಾಗುತ್ತಿತ್ತು. ಖಾಜಾಮಿಯಾ ಗಾಡಿಯ ಕೀಲಿ ಕುಣಿಸುತ್ತಾ ನಿಂತಿದ್ದ. ಆದರೂ ಅವಳು ಕಲ್ಲಿನ ಮೇಲೆ ಕೂತಳು. ಪ್ರಭುರಾಜ ಕುರಿಗಳನ್ನು ಅಪ್ಪನಿಗೆ ಬಿಟ್ಟು ಬಂದು ದೂರದಲ್ಲಿ ಕುಕ್ಕರಗಾಲಲ್ಲಿ ಕೂತ. ಒಂದು ಹಿಡಿ ಬೇಳೆ ಗಡಿಗೆಗೆ ಬಿತ್ತು. ಎಂಜಿನಿಯರಿಂಗ್ ಕಾಲೇಜಿನ ಮೇಡಂ, ಹೊಲದ ಸಾಹುಕಾರ, ಕುರುಬರ ಮನೆತನ ಎಲ್ಲರೂ ಒಂದು ಸಣ್ಣ ಗಡಿಗೆಯೊಳಗೆ ಇಣುಕಿದರು. ಮೌನೇಶ್ವರಿಯೂ ಅಳುವುದು ಬಿಟ್ಟು ಇಣುಕಿದಳು.

ಬೇಳೆ ಉಬ್ಬಿತು. ಬಿರಿಯಿತು. ಯಂಕಮ್ಮ ಸೌಟಿನಲ್ಲಿ ತೆಗೆದು ಬೆರಳಲ್ಲಿ ಹಿಸುಕಿದಳು. ಕಾಳು ಜಾರಲಿಲ್ಲ, ಬೆರಳಿಗೆ ಮೆತ್ತಿಕೊಂಡಿತು. ಅದನ್ನು ಊದಿ ಊದಿ ಆರಿಸಿ ಕೂಸಿನ ಬಾಯಿಗಿಟ್ಟಳು.

"ಗಂಟು ಬಿಚ್ಚು," ಎಂದ ಪ್ರಭುರಾಜ ಹೆಂಡತಿಗೆ. ಅಷ್ಟೇ ಹೇಳಿ ಸಿಳ್ಳೆ ಹಾಕುತ್ತಾ ಕುರಿಗಳ ಕಡೆ ನಡೆದ. ಬಾಯ್ತುಂಬ ಬೇಳೆ ಇಟ್ಟುಕೊಂಡೇ ಮೌನೇಶ್ವರಿ ತಲೆ ತಿರುಗಿಸಿದಳು.

ಹೊರಡುವ ಮುಂಚೆ ಶೈಲಜಾ ಹಾಳೆಯನ್ನು ಮತ್ತೆ ತೆಗೆದು ಯಂಕಮ್ಮನ ಮುಂದೆ ಕೂತಳು. "ಈಗ ನೀವು ಹೇಳ್ರಿ, ನಾ ಬರಕೋತೀನಿ." ಯಂಕಮ್ಮ ಸಂಕೋಚಪಟ್ಟಳು, ಆಮೇಲೆ ಹೇಳಿದಳು. ತಿಕ್ಕಾಕ ಬರೂ ಭಾಗ ಬ್ಯಾರೆ, ತಿಕ್ಕಬಾರದ ಭಾಗ ಬ್ಯಾರೆ ಇರಬೇಕು. ತಿಕ್ಕೂದು ಹಿತ್ತಾಳಿದಿರಲಿ, ತಿಕ್ಕಿದ್ರ ಹೊಳೀಬೇಕು, ಹೊಳದ್ರ ಹೆಣ್ಣಮಕ್ಕಳಿಗಿ ಸಮಾಧಾನ ಆಗ್ತದ, ಒಳಗ ಕೈ ಹಾಕಂಗಿಲ್ಲ. ತಿಕ್ಕಬಾರದ್ದನ್ನ ಬಿಲ್ಲಿ ಹಾಕಿ ಬಿಚ್ಚಾಕ ಬರಬಾರದು. ದೀಪಾ ನೀರನ್ನ ನೋಡಬೇಕು, ಕಾಲನ್ನ ಅಲ್ಲ. ದೀಪಾ ಹೇಳಿದ್ದನ್ನ ಖರೇ ಅದ ಇಲ್ಲ ಅಂತ ನೋಡಾಕ ಮನ್ಯಾಗ ಏನ ಅದ ಅದನ್ನೂ ತಿಳಿಸಿ ಕೊಡಬೇಕು.

"ಅದು ಏನಂತ ಬರೀಲಿ?" ಎಂದಳು ಶೈಲಜಾ.

"ಬೇಳಿ ಅಂತ ಬರೀರಿ."

ಯುಗಾದಿಯ ಅಮಾವಾಸ್ಯೆಯ ಹೊತ್ತಿಗೆ ಅವರ ಹಟ್ಟಿ ಬೇರೊಂದು ಹೊಲದಲ್ಲಿತ್ತು. ಎರಡು ದಿನ ಮುಂಚೆ ಶೈಲಜಾ ಕಳಿಸಿದ ಅಚ್ಚಾದ ಹಾಳೆ ಖಾಜಾಮಿಯಾನ ಕೈಯಲ್ಲಿ ಬಂದಿತ್ತು. ಹೊಸ ಯಂತ್ರಕ್ಕೆ ಬೇಕಾದ ಶರತ್ತುಗಳು ಅದರಲ್ಲಿ ಹದಿನೇಳಾಗಿದ್ದವು. ನೇತ್ರಾವತಿ ಒಂದೊಂದಾಗಿ ಓದಿ ಹೇಳಿದಳು. ಮರಿ ಚೀಪದ ಪೈಪು ಒಂಬತ್ತನೆಯದು. ಹಿತ್ತಾಳೆಯ ಮುಚ್ಚಳ ಹದಿನಾಲ್ಕನೆಯದು. ಕೊನೆಯದು ಬೇಳೆ. ಕೆಳಗೆ, ಹೇಳಿದವರು ಎಂಬಲ್ಲಿ, ಯಂಕಮ್ಮನ ಹೆಸರಿತ್ತು. ಯಂಕಮ್ಮ ಅದರ ಮೇಲೆ ಬೆರಳಿಟ್ಟು, "ಇದೇನು ನಾನು?" ಎಂದು ಕೇಳಿದಳು. ಹೌದೆಂದ ಮೇಲೂ ಸ್ವಲ್ಪ ಹೊತ್ತು ಬೆರಳು ತೆಗೆಯಲಿಲ್ಲ.

ನೇತ್ರಾವತಿ ಆ ಹಾಳೆಯನ್ನು ಮಡಿಚಿ ತನ್ನ ನೋಟುಬುಕ್ಕಿನಲ್ಲಿ, ಮೂರು ಕಲ್ಲಿನ ಆ ಹಳೆಯ ಚಿತ್ರವಿದ್ದ ಪುಟದಲ್ಲೇ ಇಟ್ಟಳು. ಚಿತ್ರದ ಕೆಳಗೆ ಒಂದು ಸಾಲು ಸೇರಿಸಿದಳು: "ಇವತ್ತಿಗೆ ಮೂವರೂ ಒಂದೇ ಕಂಬಳಿಯ ಮೇಲೆ ಎಪ್ಪತ್ತನೆಯ ದಿನ. ಅತ್ತೆಯಿಂದ."

ಅಮಾವಾಸ್ಯೆಯ ಬೆಳಿಗ್ಗೆ ಯಂಕಮ್ಮ ಭಾಂಡೆಗಳನ್ನೆಲ್ಲ ತಿಕ್ಕಿ ಸಾಲಾಗಿಟ್ಟಳು. ಕೊನೆಗೆ ಅದೇ ಹಳೆಯ ಯಂತ್ರವನ್ನು ಎತ್ತಿಕೊಂಡು, ಬೂದಿ ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ, ಸೊಸೆಯ ಕಡೆ ತಿರುಗಿದಳು.

"ನೇತ್ರಾ, ಇದರ ಮುಚ್ಚಳಾ ಅಷ್ಟ ತಿಕ್ಕಬೌದಲ್ಲ ಬೇ?"

"ಮುಚ್ಚಳಾ ಅಷ್ಟ ಅತ್ತಿ," ಎಂದಳು ನೇತ್ರಾವತಿ, ಒಲೆಯ ಮೇಲಿನ ಬೇಳೆಯ ಮೇಲೆ ಕಣ್ಣಿಟ್ಟು.